ಹಿಮ್ಮೇಳಕ್ಕೆ ಸರಿಯುವುದು ಸೋಲೇ?

ಒಂದು ಕೆಲಸ ಬಿಟ್ಟು ಇನ್ನೊಂದನ್ನು ಹಿಡಿದವನ ವಿಷಯದಲ್ಲಿ ಲೋಕ ಬಲು ಬೇಗ ತೀರ್ಪು ಕೊಟ್ಟುಬಿಡುತ್ತದೆ. ‘ಮುಂದೆ ಬಂದ’ ಎನ್ನುತ್ತದೆ. ಇಲ್ಲವೆ ‘ಕೆಟ್ಟ’ ಎನ್ನುತ್ತದೆ. ಸಂಗೀತಗಾರನ ವಿಷಯದಲ್ಲಂತೂ ಈ ತೀರ್ಪು ಇನ್ನೂ ಕಠಿಣ. ನಾಲ್ಕು ಜನ ಗೆಳೆಯರೊಡನೆ ಬ್ಯಾಂಡ್ ಕಟ್ಟಿ, ವೇದಿಕೆಯ ಮೇಲೆ ಗಿಟಾರ್ ನುಡಿಸುತ್ತಲೋ ಡ್ರಮ್ ಬಾರಿಸುತ್ತಲೋ ಇದ್ದ ಹುಡುಗ ಒಂದು ದಿನ ಅದನ್ನು ಬಿಟ್ಟು, ಮುಚ್ಚಿದ ಕೋಣೆಯಲ್ಲಿ ಕುಳಿತು ವಿಡಿಯೋ ಗೇಮ್‌ಗಳಿಗೆ ಸಂಗೀತ ಹೊಂದಿಸತೊಡಗಿದ ಎನ್ನಿ. ‘ಸದ್ಯ, ತಿಂಗಳಿಗೊಂದು ಸಂಬಳ ಬರುತ್ತದಲ್ಲ’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ‘ಕಲೆಯನ್ನು ಮಾರಿಕೊಂಡ’ ಎಂದು ಗೆಳೆಯರು ಮೂಗು ಮುರಿಯುತ್ತಾರೆ. ಎರಡು ಮಾತುಗಳೂ ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ. ಜನರ ಮುಂದೆ ನಿಂತು ಮಾಡುವುದು ಕಲೆ, ಮರೆಯಲ್ಲಿ ಕುಳಿತು ಮಾಡುವುದು ಹೊಟ್ಟೆಪಾಡು ಎಂಬ ನಂಬಿಕೆ ಅದು. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಸ್ವಲ್ಪ ವಿಚಾರಮಾಡಿ ನೋಡೋಣ.

ಇದು ಎಲ್ಲಿಯೋ ದೂರದ ಪ್ರಶ್ನೆಯೆಂದು ಓದುಗರು ತಳ್ಳಿಹಾಕಬೇಕಾಗಿಲ್ಲ. ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು ಸೆಕ್ಟರ್ ಫೈವ್‌ಗೆ ಹೊರಡುವ ಮಗನೋ, ಮಗಳೋ, ಸೊಸೆಯೋ ಇರುವುದು ಕಲ್ಕತ್ತೆಯ ಕನ್ನಡಿಗರ ಮನೆಗಳಲ್ಲಿ ಅಪರೂಪವಲ್ಲ. ಹೂಗ್ಲಿ ನದಿಯ ಹೂಳನ್ನು ಕೊಳವೆಗಳಲ್ಲಿ ಹರಿಸಿ ಉಪ್ಪುನೀರಿನ ಜೌಗನ್ನು ತುಂಬಿಸುವ ಕೆಲಸ 1962ರಲ್ಲಿ ಶುರುವಾಯಿತು. ಮುಖ್ಯಮಂತ್ರಿ ಬಿಧಾನಚಂದ್ರ ರಾಯರ ಕನಸಿಗೆ ಯುಗೊಸ್ಲಾವಿಯದ ಸ್ಥಪತಿ ದೋಬ್ರಿವೋಯೆ ತೋಶ್ಕೋವಿಚ್ ನಕ್ಷೆ ಬರೆದರು. ಹಾಗೆ ಎದ್ದ ಸಾಲ್ಟ್ ಲೇಕ್‌ನ ಐದನೆಯ ಭಾಗ ಕೈಗಾರಿಕೆಗೆಂದು ಮೀಸಲಾಯಿತು. ಮೊದಲು ಎಲೆಕ್ಟ್ರಾನಿಕ್ಸ್ ಬಂತು, ಅನಂತರ ಸಾಫ್ಟ್‌ವೇರ್ ಬಂತು. 2025ರ ಆಗಸ್ಟ್‌ನಿಂದ ಹೌರಾ ಮೈದಾನದಲ್ಲಿ ಹತ್ತಿದವರು ನೆಲದಡಿಯಲ್ಲೇ ನದಿ ದಾಟಿ ಮೆಟ್ರೋದಲ್ಲಿ ನೇರವಾಗಿ ಅಲ್ಲಿ ಇಳಿಯಬಹುದು.

ಅಲ್ಲಿಯ ಕೆಲಸಕ್ಕೆ ಒಂದು ಸಮಾನ ಲಕ್ಷಣವುಂಟು: ಮಾಡಿದವರ ಹೆಸರು ಹೊರಗೆ ಬರುವುದಿಲ್ಲ. ನಮ್ಮ ಹುಡುಗಿ ರಾತ್ರಿ ಹತ್ತರವರೆಗೆ ಕೂತು ತಿದ್ದಿದ ಲೆಕ್ಕಾಚಾರದ ಮೇಲೆ ಯಾವುದೋ ದೇಶದ ಬ್ಯಾಂಕು ನಡೆಯುತ್ತದೆ. ಹಣ ತೆಗೆಯುವವನಿಗೆ ಅವಳು ಯಾರೆಂದು ಗೊತ್ತಿಲ್ಲ. ಅದೇ ಸೆಕ್ಟರ್ ಫೈವ್‌ನಲ್ಲಿ ರೂಪಕಲಾ ಕೇಂದ್ರವೂ ಇದೆ. ಸಿನಿಮಾ, ಧ್ವನಿ, ಅನಿಮೇಷನ್ ಮುಂತಾದ ವಿದ್ಯೆಗಳನ್ನು ಅಲ್ಲಿ ಹೇಳಿಕೊಡುತ್ತಾರೆ. ಅಂದರೆ ಗಣಕದ ಕೆಲಸವೂ ಕಲೆಯ ಕೆಲಸವೂ ಒಂದೇ ಬೀದಿಗೆ ಬಂದು ನೆಲೆಸಿವೆ. ವಿಡಿಯೋ ಗೇಮ್ ಎಂಬುದು ಇವೆರಡರ ಕೂಸು. ಬ್ಯಾಂಡ್ ಕಟ್ಟಿದ ಹುಡುಗ ಅತ್ತ ತಿರುಗುವುದು ಆಶ್ಚರ್ಯವೇನೂ ಅಲ್ಲ.

ಇಂಥ ತಿರುವಿಗೆ ದೊಡ್ಡ ಉದಾಹರಣೆ ಸ್ಟೂವರ್ಟ್ ಕೋಪ್‌ಲ್ಯಾಂಡ್. 1977ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ದಿ ಪೊಲೀಸ್’ ಎಂಬ ರಾಕ್ ಬ್ಯಾಂಡಿನ ಡ್ರಮ್ ವಾದಕರು ಅವರು. ಕ್ರೀಡಾಂಗಣಗಳು ತುಂಬುವಷ್ಟು ಜನ ಆ ಬ್ಯಾಂಡಿಗೆ ಸೇರುತ್ತಿದ್ದರು. 1983ರಲ್ಲಿ ಅವರ ಕೊನೆಯ ಆಲ್ಬಮ್ ಬಂತು. ಆಮೇಲೆ ಬ್ಯಾಂಡ್ ಚದರಿತು. ಕೋಪ್‌ಲ್ಯಾಂಡ್ ಚಲನಚಿತ್ರಗಳಿಗೆ, ಟೆಲಿವಿಷನ್ ಧಾರಾವಾಹಿಗಳಿಗೆ ಹಿನ್ನೆಲೆ ಸಂಗೀತ ಕೊಟ್ಟರು. 1998ರಲ್ಲಿ ‘ಸ್ಪೈರೋ ದಿ ಡ್ರ್ಯಾಗನ್’ ಎಂಬ ಆಟಕ್ಕೆ ಸಂಗೀತ ಮಾಡಿದರು. ನೇರಳೆ ಬಣ್ಣದ ಒಂದು ಪುಟ್ಟ ಡ್ರ್ಯಾಗನ್ ಕುಣಿಯುತ್ತ, ಹಾರುತ್ತ, ರತ್ನಗಳನ್ನು ಹೆಕ್ಕುತ್ತ ಹೋಗುವ ಮಕ್ಕಳ ಆಟ ಅದು. ಸಂಗೀತ ಬರೆಯುವ ಮೊದಲು ಕೋಪ್‌ಲ್ಯಾಂಡ್ ಆಟದ ಹಂತಗಳನ್ನು ತಾವೇ ಆಡಿ, ಒಂದೊಂದರ ಹದವನ್ನು ತಿಳಿದುಕೊಳ್ಳುತ್ತಿದ್ದರಂತೆ. ನಲವತ್ತಾರು ವರ್ಷದ, ಲೋಕಪ್ರಸಿದ್ಧನಾದ ಮನುಷ್ಯ ಎಂಟು ವರ್ಷದ ಮಗುವಿನ ಆಟದ ಮುಂದೆ ಕೂತು, ಈ ಹುಲ್ಲುಗಾವಲಿಗೆ ಯಾವ ತಾಳ, ಆ ಗುಹೆಗೆ ಯಾವ ತಾಳ ಎಂದು ಯೋಚಿಸುವುದನ್ನು ಕಲ್ಪಿಸಿಕೊಳ್ಳಿ. ಇದನ್ನು ಪತನವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದೇ ಕೋಪ್‌ಲ್ಯಾಂಡ್ ಮುಂದೆ ಬೆಂಗಳೂರಿನ ರಿಕಿ ಕೇಜ್ ಅವರ ಜೊತೆಗೂಡಿ 2021ರಲ್ಲಿ ‘ಡಿವೈನ್ ಟೈಡ್ಸ್’ ಎಂಬ ಆಲ್ಬಮ್ ಮಾಡಿದರು. ಅದಕ್ಕೆ 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ರಿಕಿ ಕೇಜರ ಹಾದಿಯೂ ಇದೇ ಬಗೆಯದು. ಅವರು ಓದಿದ್ದು ದಂತವೈದ್ಯ. ನುಡಿಸಿದ್ದು ‘ಏಂಜಲ್ ಡಸ್ಟ್’ ಎಂಬ ಬೆಂಗಳೂರಿನ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್. ಅನಂತರ ಅವರ ಕೈಯಿಂದ ಬಂದದ್ದು ಸಾವಿರಾರು ಜಾಹೀರಾತುಗಳ ಪುಟ್ಟ ಪುಟ್ಟ ಸಂಗೀತ. ಸೋಪಿಗೂ ಬಿಸ್ಕತ್ತಿಗೂ ನುಡಿಸುವ ಇಂಥ ಮೂವತ್ತು ಸೆಕೆಂಡಿನ ರಾಗವನ್ನು ದೇಶವೆಲ್ಲ ಗುನುಗುತ್ತದೆ. ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ‘ಆಕ್ಸಿಡೆಂಟ್’ (2008) ಮೊದಲಾದ ಕನ್ನಡ ಚಿತ್ರಗಳಿಗೂ ಅವರ ಸಂಗೀತವುಂಟು. ಆ ಮರೆಯ ವರ್ಷಗಳು ವ್ಯರ್ಥವಾದವೆಂದು ಹೇಳುವಂತಿಲ್ಲ.

ಕಲ್ಕತ್ತೆಯಲ್ಲಿಯೇ ಇದಕ್ಕಿಂತ ಹಳೆಯ ಕಥೆಯೊಂದಿದೆ. ಪಾರ್ಕ್ ಸ್ಟ್ರೀಟಿನ ಹೋಟೆಲುಗಳಲ್ಲಿ ರಾತ್ರಿ ಬ್ಯಾಂಡ್ ನುಡಿಸುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಟ್ರಿಂಕಾಸ್‌ನಲ್ಲಿ ಉಷಾ ಉತ್ತುಪ್ ಹಾಡುತ್ತಿದ್ದರು, ಬ್ಲೂ ಫಾಕ್ಸ್‌ನಲ್ಲಿ ಲೂಯಿಸ್ ಬ್ಯಾಂಕ್ಸ್ ಪಿಯಾನೋ ನುಡಿಸುತ್ತಿದ್ದರು. ಆ ಬ್ಯಾಂಡುಗಳ ಕಾಲ ಕಳೆಯಿತು. ಲೂಯಿಸ್ ಬ್ಯಾಂಕ್ಸ್ ಮುಂಬಯಿಗೆ ಹೋಗಿ ಆರ್. ಡಿ. ಬರ್ಮನ್ನರ ವಾದ್ಯವೃಂದದಲ್ಲಿ ನುಡಿಸಿದರು, ಜಾಹೀರಾತುಗಳಿಗೆ ಸಂಗೀತ ಕೊಟ್ಟರು. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲು ಬಂದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಹಾಡನ್ನು ಪರಸ್ಥಳದಲ್ಲಿರುವ ನಾವು ಹೇಗೆ ಮರೆಯುವುದು? ಅದರಲ್ಲಿ ಕನ್ನಡದ ಸಾಲು ಬರುವಾಗ ಮನೆಮಂದಿಯೆಲ್ಲ ಕಿವಿ ನಿಮಿರಿಸುತ್ತಿದ್ದೆವು. ಅದರ ವಾದ್ಯ ಸಂಯೋಜನೆಯ ಹಿಂದೆ ಇದ್ದವರು ಬ್ಲೂ ಫಾಕ್ಸಿನ ಆ ಪಿಯಾನೋ ವಾದಕರೇ. ಪಾರ್ಕ್ ಸ್ಟ್ರೀಟಿನಲ್ಲಿ ಒಂದು ರಾತ್ರಿಗೆ ಕೇಳುತ್ತಿದ್ದವರು ನೂರು ಜನ. ಈ ಹಾಡನ್ನು ಕೇಳಿದವರು ಕೋಟ್ಯಂತರ. ಆದರೆ ಹೆಸರು ಹೇಳಬಲ್ಲವರು ಎಷ್ಟು ಮಂದಿ?

ಈಗ ಆಟದ ಸಂಗೀತದ ಕಡೆಗೆ ಬರೋಣ. ಅದರ ಕಸುಬನ್ನು ಅರಿಯದೆ ಬೆಲೆ ಕಟ್ಟುವುದು ನ್ಯಾಯವಲ್ಲ. 1978ರಲ್ಲಿ ಜಪಾನಿನಿಂದ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟ ಬಂತು. ಅದರಲ್ಲಿ ಇದ್ದುದು ನಾಲ್ಕೇ ಸ್ವರ, ಮತ್ತೆ ಮತ್ತೆ ಅದೇ. ಆದರೆ ಶತ್ರುಗಳು ಹತ್ತಿರವಾದಂತೆ ಆ ನಾಲ್ಕು ಸ್ವರಗಳ ಓಟ ಹೆಚ್ಚುತ್ತಿತ್ತು, ಆಡುವವನ ಎದೆಬಡಿತವೂ ಹೆಚ್ಚುತ್ತಿತ್ತು. ಮುಂದೆ ಕೋಜಿ ಕೊಂಡೊ ಎಂಬವರು, ಅವರೂ ಹುಡುಗತನದಲ್ಲಿ ಬ್ಯಾಂಡಿನಲ್ಲಿ ಜಾಝ್, ರಾಕ್ ನುಡಿಸಿದವರೇ, 1984ರಲ್ಲಿ ನಿಂಟೆಂಡೊ ಕಂಪನಿ ಸೇರಿದರು. ಮರುವರ್ಷ ‘ಸೂಪರ್ ಮಾರಿಯೊ’ ಆಟಕ್ಕೆ ಸಂಗೀತ ಕೊಟ್ಟರು. ಚಿತ್ರ, ನಿಯಮ, ಸಂಗೀತ ಎಲ್ಲ ಸೇರಿ ಇಡೀ ಆಟಕ್ಕೆ ಇದ್ದ ಜಾಗ 40 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆಯುವ ಒಂದು ಫೋಟೋಗೂ ಅದು ಸಾಲದು. ಕೊಂಡೊ ಮೊದಲು ಕಟ್ಟಿದ ರಾಗ ಮಾರಿಯೊ ಓಡುವ, ನೆಗೆಯುವ ಲಯಕ್ಕೆ ಹೊಂದಲಿಲ್ಲ. ಅದನ್ನು ಬಿಟ್ಟು ಇನ್ನೊಂದನ್ನು ಕಟ್ಟಿದರು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಉಳಿಸಿಕೊಳ್ಳಲೇಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಅದನ್ನು ಸೇರಿಸಿತು. ವಿಡಿಯೋ ಗೇಮಿನ ಸಂಗೀತಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಇಲ್ಲಿ ಒಂದು ಅಂಶ ಗಮನಿಸಬೇಕು. ಸಿನಿಮಾಕ್ಕೆ ಸಂಗೀತ ಮಾಡುವವನಿಗೆ ದೃಶ್ಯ ಎಷ್ಟು ಹೊತ್ತಿನದೆಂದು ಗೊತ್ತು. ಆಟಕ್ಕೆ ಮಾಡುವವನಿಗೆ ಗೊತ್ತಿಲ್ಲ. ಒಂದು ಮಗು ಸೇತುವೆಯನ್ನು ಅರ್ಧ ನಿಮಿಷದಲ್ಲಿ ದಾಟುತ್ತದೆ. ಇನ್ನೊಂದು ಹತ್ತು ಸಲ ಬಿದ್ದು ಎದ್ದು ಅರ್ಧ ಗಂಟೆ ಅಲ್ಲಿಯೇ ಇರುತ್ತದೆ. ಇಬ್ಬರಿಗೂ ಸಂಗೀತ ಹೊಂದಬೇಕು, ಬೇಸರ ತರಬಾರದು. ಆದ್ದರಿಂದ ಕೊನೆ ಬಂದು ಮೊದಲಿಗೆ ಕೂಡಿಕೊಳ್ಳುವಂತೆ ರಾಗ ಕಟ್ಟುತ್ತಾರೆ. ಅಪಾಯ ಬಂದಾಗ ಒಂದು ವಾದ್ಯ ಸೇರಿ, ಅಪಾಯ ಕಳೆದಾಗ ಇಳಿಯುವಂತೆ ಪದರ ಪದರವಾಗಿ ಬರೆಯುತ್ತಾರೆ. ಸಂಗೀತ ಆಟಗಾರನನ್ನು ಹಿಂಬಾಲಿಸುತ್ತದೆ.

ಕರಾವಳಿಯ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ಭಾಗವತ ಮಾಡುವುದು ಇದನ್ನೇ ಅಲ್ಲವೆ? ವೇಷಧಾರಿ ಮುಂದೆ ಕುಣಿಯುತ್ತಾನೆ, ಭಾಗವತ ಹಿಂದೆ ಕೂತಿರುತ್ತಾನೆ. ಕುಣಿತ ಬೆಳೆದರೆ ಪದ್ಯದ ಸಾಲನ್ನು ಮತ್ತೊಮ್ಮೆ ಹಾಡುತ್ತಾನೆ. ಅರ್ಥ ಎಷ್ಟು ಹೊತ್ತು ನಡೆದೀತೆಂದು ಮುಂಚೆ ತಿಳಿಯದು. ಮಾತು ಮುಗಿಯುವ ಹದ ನೋಡಿ ಮುಂದಿನ ಪದ್ಯ ಎತ್ತುತ್ತಾನೆ. ಯುದ್ಧ ಬಂದಾಗ ಚಂಡೆ ಏರುತ್ತದೆ, ಶೃಂಗಾರಕ್ಕೆ ಮದ್ದಳೆ ಸಾಕು. ಹಿಮ್ಮೇಳ ಎಂಬ ಶಬ್ದವೇ ಹಿಂದೆ ಇರುವುದನ್ನು ಹೇಳುತ್ತದೆ. ಆದರೆ ಅಲ್ಲಿ ಕೂತವನನ್ನು ಯಾರೂ ಕೀಳೆಂದು ಎಣಿಸಲಿಲ್ಲ. ಕಿರಿಯ ವಯಸ್ಸಿನಲ್ಲೇ 1990ರಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ ಪದ್ಯ ಕೇಳಲೆಂದೇ ಜನ ಮೈಲಿಗಟ್ಟಲೆ ನಡೆದು ಬಂದು ರಾತ್ರಿಯಿಡೀ ಕೂರುತ್ತಿದ್ದರು. ಇನ್ನೊಬ್ಬರ ಕುಣಿತಕ್ಕೆ ಅನುವಾಗಿ ಹಾಡುವುದರಲ್ಲಿ ಕಲೆ ಕುಗ್ಗುತ್ತದೆ ಎಂಬುದನ್ನು ನಮ್ಮ ಪರಂಪರೆ ಒಪ್ಪಿಲ್ಲ.

ಇಷ್ಟು ಹೇಳಿದ ಮೇಲೆ ಪ್ರಶ್ನೆ ತೀರಿತೆ? ಇಲ್ಲ. ನಿಜವಾದ ಪ್ರಶ್ನೆ ಇಲ್ಲಿಂದ ಆರಂಭ. ಭಾಗವತನ ಹಿಂದೆ ಪ್ರಸಂಗವಿದೆ, ಪ್ರಸಂಗದ ಹಿಂದೆ ಮಹಾಭಾರತ ರಾಮಾಯಣಗಳಿವೆ. ಆಟದ ಹಿಂದೆ ಏನಿದೆ? ಹಿಂದೆ ಕೂರುವುದರಲ್ಲಿ ಅವಮಾನವಿಲ್ಲವೆಂದರೂ, ಯಾವುದರ ಹಿಂದೆ ಕೂತಿದ್ದೇನೆ ಎಂದು ಕೇಳಿಕೊಳ್ಳಬೇಡವೆ?

ನಮ್ಮ ವಚನಕಾರರೂ ಹರಿದಾಸರೂ ತಮ್ಮ ರಚನೆಗಳಿಗೆ ಅಂಕಿತ ಹಾಕುತ್ತಿದ್ದರು. ಸಾಮಾನ್ಯವಾಗಿ ಅದು ಅವರ ಸ್ವಂತ ಹೆಸರಲ್ಲ, ಅವರು ನಂಬಿದ ದೈವದ ಹೆಸರು. ಬಸವಣ್ಣನವರದು ಕೂಡಲಸಂಗಮದೇವ, ಪುರಂದರದಾಸರದು ಪುರಂದರವಿಠಲ. ಓದುವವನಿಗೆ ಅಂಕಿತದಿಂದ ಕರ್ತೃ ಯಾರೆಂದು ತಿಳಿಯುತ್ತದೆ, ನಿಜ. ಆದರೆ ಅದರ ಮೊದಲ ಅರ್ಥ, ಈ ಕೃತಿ ಯಾರಿಗೆ ಒಪ್ಪಿಸಿದ್ದು ಎಂಬುದು. ಅಂದರೆ ಹೆಸರನ್ನು ಹಿಂದಕ್ಕೆ ಸರಿಸುವಾಗಲೂ ಯಾರ ಸೇವೆಗಾಗಿ ಸರಿದೆ ಎಂಬುದನ್ನು ಅವರು ಕಣ್ಣುಮುಚ್ಚಿ ಬಿಡಲಿಲ್ಲ. ಕಾಯಕದ ಮಾತೂ ಹೀಗೆಯೇ. ಕಾಯಕವೆಂದರೆ ಯಾವ ಕೆಲಸವಾದರೂ ಸರಿ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಶರಣರು ಸತ್ಯಶುದ್ಧ ಕಾಯಕ ಎಂದರು. ಕೆಲಸದ ಅಂತಸ್ತನ್ನು ಅವರು ಲೆಕ್ಕಿಸಲಿಲ್ಲ. ಅದರ ಶುದ್ಧಿಯನ್ನು ಲೆಕ್ಕಿಸದೆ ಬಿಡಲಿಲ್ಲ.

ಆಟಗಳಲ್ಲಿಯೂ ಶುದ್ಧವಾದವು ಇವೆ, ಅಲ್ಲದವೂ ಇವೆ. ಮಗುವಿಗೆ ಕುತೂಹಲ ಹುಟ್ಟಿಸಿ, ಬಿದ್ದರೆ ಮತ್ತೆ ಎದ್ದು ನೋಡು ಎಂದು ಹುರಿದುಂಬಿಸುವ ಆಟಗಳಿವೆ. ಹಣ ಕಟ್ಟಿಸಿಕೊಂಡು, ಸೋತವನ ಕಿವಿಯಲ್ಲಿಯೂ ಗೆದ್ದಂತೆ ಗಂಟೆ ಬಾರಿಸಿ, ಇನ್ನೊಂದು ಸಲ ಎಂದು ಎಳೆಯುವ ಆಟಗಳೂ ಇವೆ. ಎರಡಕ್ಕೂ ಸಂಗೀತ ಬೇಕು. ಎರಡನ್ನೂ ಮಾಡಬಲ್ಲವನು ಅದೇ ಕೀಬೋರ್ಡಿನ ಮುಂದೆ ಕೂತ ಅದೇ ಕಲಾವಿದ. ಎರಡನೆಯ ಬಗೆಯ ಆಟದಲ್ಲಿ ಅವನ ವಿದ್ಯೆ ಹೆಚ್ಚಿದಷ್ಟೂ ಕೆಡುಕು ಹೆಚ್ಚು. ಬೇಟೆಗಾರನ ಕೊಳಲು ಇಂಪಾದಷ್ಟೂ ಜಿಂಕೆಗೆ ಅಪಾಯ.

ಇದು ಬರಿಯ ಕಲ್ಪನೆಯ ಭೀತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ಫೋನು, ಇಂಟರ್ನೆಟ್, ಆಟಗಳ ಗೀಳಿಗೆ ಸಿಕ್ಕವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ; 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಕಾನೂನು ಆಟ ನಡೆಸುವವರನ್ನು ಹಿಡಿಯಬಹುದು. ಗಂಟೆಯ ಆ ನಾದವನ್ನು ಹೊಸೆದವನನ್ನು ಹಿಡಿಯುವುದು ಅವನ ಮನಸ್ಸಾಕ್ಷಿ ಮಾತ್ರ.

‘ನಾನು ಕೂಲಿಗೆ ಮಾಡಿದೆ, ಆಟ ನನ್ನದಲ್ಲ’ ಎಂದು ಅವನು ಹೇಳಬಹುದು. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಮನೆ ಬಾಡಿಗೆ ಕಟ್ಟಬೇಕಾದ ಹುಡುಗನಿಗೆ ಬಂದ ಕೆಲಸವನ್ನೆಲ್ಲ ತಕ್ಕಡಿಯಲ್ಲಿಟ್ಟು ತೂಗುವ ಅವಕಾಶ ಇರುವುದಿಲ್ಲ. ಹೊಟ್ಟೆ ತುಂಬಿದವರು ಹಸಿದವನಿಗೆ ನೀತಿ ಬೋಧಿಸುವುದು ಸುಲಭ. ಆದರೂ ಒಂದು ಮಾತು ಉಳಿಯುತ್ತದೆ. ಆಟ ಚೆನ್ನಾಗಿ ಬಂದಾಗ ‘ಇದರಲ್ಲಿ ನನ್ನ ಪಾಲಿದೆ’ ಎನ್ನುವವನು, ಅದು ಕೆಡುಕು ಮಾಡಿದಾಗ ‘ನನ್ನದೇನೂ ಇಲ್ಲ’ ಎನ್ನಲಾಗದು. ಹಿಮ್ಮೇಳದಲ್ಲಿ ಕೂರುವುದರಿಂದ ಚಪ್ಪಾಳೆ ತಪ್ಪೀತು, ಹೊಣೆ ತಪ್ಪದು. ಇಂದಲ್ಲದಿದ್ದರೆ ನಾಳೆ, ಎರಡು ಕೆಲಸಗಳಲ್ಲಿ ಒಂದನ್ನು ಆರಿಸುವ ಸ್ಥಿತಿ ಬಂದಾಗಲಾದರೂ ಅವನು ಈ ಪ್ರಶ್ನೆಯನ್ನು ಹಾಕಿಕೊಳ್ಳಲೇಬೇಕು.

ಹೊಣೆ ಅವನೊಬ್ಬನದೇ ಅಲ್ಲ. ದುಡಿಸಿಕೊಳ್ಳುವವರಿಗೂ ಒಂದು ಪಾಲಿದೆ. 1980ರ ದಶಕದಲ್ಲಿ ಜಪಾನಿನ ಕೆಲವು ಆಟದ ಕಂಪನಿಗಳು ಸಂಗೀತಗಾರರ ನಿಜವಾದ ಹೆಸರನ್ನು ಹಾಕದೆ ಅಡ್ಡಹೆಸರುಗಳನ್ನು ಹಾಕುತ್ತಿದ್ದವು. ಬೇರೆ ಕಂಪನಿಯವರು ಸೆಳೆದುಕೊಂಡುಬಿಟ್ಟಾರೆಂಬ ಭಯ. ತಾನಾಗಿ ಹಿಂದೆ ಸರಿಯುವುದು ಒಂದು, ಇನ್ನೊಬ್ಬರು ಹಿಂದಕ್ಕೆ ತಳ್ಳುವುದು ಇನ್ನೊಂದು. ಮೊದಲನೆಯದು ವಿನಯವಾದರೆ ಎರಡನೆಯದು ಅನ್ಯಾಯ. ಕಾಲಕ್ರಮದಲ್ಲಿ ಇದು ತಕ್ಕಮಟ್ಟಿಗೆ ಬದಲಾಗಿದೆ. 2011ರಲ್ಲಿ ಕ್ರಿಸ್ಟಫರ್ ಟಿನ್ ಆಟವೊಂದಕ್ಕೆ ಮಾಡಿದ ‘ಬಾಬಾ ಯೇತು’ ಎಂಬ ಸ್ವಾಹಿಲಿ ಹಾಡಿಗೆ ಗ್ರ್ಯಾಮಿ ಸಿಕ್ಕಿತು. 2023ರಲ್ಲಿ ಗ್ರ್ಯಾಮಿಯವರು ಆಟಗಳ ಸಂಗೀತಕ್ಕೆಂದೇ ಪ್ರತ್ಯೇಕ ಪ್ರಶಸ್ತಿ ಆರಂಭಿಸಿದರು. ಮೊದಲ ಸಲ ಅದನ್ನು ಪಡೆದವರು ಸ್ಟೆಫನಿ ಇಕಾನಮೌ ಎಂಬ ಮಹಿಳೆ. ಅದೇ ಸಮಾರಂಭದಲ್ಲಿ ಕೋಪ್‌ಲ್ಯಾಂಡ್ ಮತ್ತು ರಿಕಿ ಕೇಜರ ಆಲ್ಬಮ್ಮಿಗೆ ಇನ್ನೊಂದು ವಿಭಾಗದಲ್ಲಿ ಮತ್ತೊಂದು ಪ್ರಶಸ್ತಿ ಬಂತು.

ಇನ್ನು ವೇದಿಕೆ ಬಿಟ್ಟವನು ಶಾಶ್ವತವಾಗಿ ಬಿಟ್ಟ ಎಂದು ಮರುಗುವವರಿಗೆ ಒಂದು ಮಾತು. ‘ಫೈನಲ್ ಫ್ಯಾಂಟಸಿ’ ಆಟಗಳಿಗೆ 1987ರಿಂದ ಸಂಗೀತ ಕೊಟ್ಟ ನೊಬುಒ ಉಎಮತ್ಸು, ತಮ್ಮ ಆಟದ ಸಂಗೀತವನ್ನೇ ರಾಕ್ ಶೈಲಿಯಲ್ಲಿ ನುಡಿಸುವ ಬ್ಯಾಂಡ್ ಕಟ್ಟಿದರು. 2003ರಲ್ಲಿ ಅದರ ಮೊದಲ ಆಲ್ಬಮ್ ಬಂತು. ‘ದಿ ಪೊಲೀಸ್’ 2007ರಲ್ಲಿ ಮತ್ತೆ ಒಂದಾಗಿ ಊರೂರು ಸುತ್ತಿತು. 2018ರಲ್ಲಿ ಸ್ಪೈರೋ ಆಟವನ್ನು ಹೊಸದಾಗಿ ತಂದಾಗ, ಇಷ್ಟವಿದ್ದವರು ಕೋಪ್‌ಲ್ಯಾಂಡರ ಹಳೆಯ ಸಂಗೀತವನ್ನೇ ಹಾಕಿಕೊಂಡು ಆಡಬಹುದಾದ ಅವಕಾಶವನ್ನು ಅದರಲ್ಲಿ ಇಟ್ಟರು. ಇಪ್ಪತ್ತು ವರ್ಷಗಳ ಹಿಂದೆ ಕಿವಿಯಲ್ಲಿ ನಿಂತ ದನಿ ಅದು. ಆ ಮಕ್ಕಳು ಆಗ ಸಂಗೀತಕ್ಕೆಂದು ಕಿವಿ ಕೊಟ್ಟಿರಲಿಲ್ಲ, ಆಡುತ್ತಿದ್ದರು ಅಷ್ಟೆ. ಆದರೂ ಅದು ಅವರೊಳಗೆ ಇಳಿದಿತ್ತು. ತಾಯಿ ಅಡಿಗೆ ಮಾಡುತ್ತ ಗುನುಗಿದ ದೇವರನಾಮ ನಮ್ಮಲ್ಲಿ ಉಳಿದಿರುವುದೂ ಹೀಗೆಯೇ. ಕಚೇರಿಯಲ್ಲಿ ಕೂತು ಕೇಳಿದ್ದು ಮರೆತೀತು, ಹಿನ್ನೆಲೆಯಲ್ಲಿ ಕೇಳಿದ್ದು ಮರೆಯುವುದಿಲ್ಲ. ಆದ್ದರಿಂದಲೇ ಹಿನ್ನೆಲೆಗೆ ನುಡಿಸುವವನು ಇನ್ನೂ ಎಚ್ಚರವಾಗಿರಬೇಕು. ಕೇಳುವವನು ಕಾವಲಿಲ್ಲದೆ ಬಾಗಿಲು ತೆರೆದಿಟ್ಟಿರುತ್ತಾನೆ.

ಕೊನೆಗೆ, ಹಿರಿಯರಾದ ನಮ್ಮ ಪಾಲಿನ ಕರ್ತವ್ಯ. ಮನೆಯ ಹುಡುಗ ‘ಅಪ್ಪ, ಬ್ಯಾಂಡ್ ಬಿಡುತ್ತೇನೆ, ಆಟಗಳಿಗೆ ಸಂಗೀತ ಮಾಡುತ್ತೇನೆ’ ಎಂದು ಬಂದರೆ ನಾವು ಕೇಳುವುದು ಎರಡೇ ಪ್ರಶ್ನೆ: ಸಂಬಳ ಎಷ್ಟು, ಕೆಲಸ ಕಾಯಮ್ಮೋ ಅಲ್ಲವೋ. ಎರಡೂ ಬೇಕಾದ ಪ್ರಶ್ನೆಗಳೇ. ಊರು ಬಿಟ್ಟು ಬಂದು ಬಾಳು ಕಟ್ಟಿದವರಿಗೆ ಅವು ಮೊದಲು ಹೊಳೆಯುವುದು ಸಹಜ. ಅವುಗಳ ಜೊತೆಗೆ ಇನ್ನೂ ಎರಡನ್ನು ಕೇಳಿದರೆ ಚೆನ್ನು. ಆ ಆಟವನ್ನು ನಿನ್ನ ತಂಗಿಯ ಮಗುವಿನ ಕೈಗೆ ಕೊಡುತ್ತೀಯಾ? ಸಂಗೀತ ನಿನ್ನದೆಂದು ಎಲ್ಲಿಯಾದರೂ ಬರೆದಿರುತ್ತಾರೆಯೆ? ಈ ಎರಡಕ್ಕೂ ಅವನು ಹಿಂದೆಮುಂದೆ ನೋಡದೆ ಹೌದೆಂದರೆ ನೆಮ್ಮದಿಯಾಗಿ ಹರಸಿ ಕಳಿಸಬಹುದು.

ಇನ್ನೊಂದು ಕೆಲಸವನ್ನಂತೂ ನಾಳೆಯೇ ಆರಂಭಿಸಬಹುದು. ನಮ್ಮ ಸಭೆ ಸಮಾರಂಭಗಳಲ್ಲಿ ಹಾರ್ಮೋನಿಯಂ, ತಬಲಾ ನುಡಿಸಿದವರ ಹೆಸರು ಬರುವುದು ವಂದನಾರ್ಪಣೆಯಲ್ಲಿ, ಎಲ್ಲರೂ ಊಟದ ಪಂಕ್ತಿಯ ಕಡೆಗೆ ಏಳುವ ಹೊತ್ತಿನಲ್ಲಿ. ಆ ಹೆಸರುಗಳನ್ನು ಕಾರ್ಯಕ್ರಮದ ಮೊದಲೇ ಹೇಳಿದರೆ ಎರಡು ನಿಮಿಷ ಹೆಚ್ಚಾದೀತು. ಕೇಳಿ ಕೂತಿರುವ ಮಕ್ಕಳಿಗೆ, ಹಿಂದೆ ಕೂತವರಿಗೂ ಹೆಸರಿದೆ ಎಂಬುದು ತಿಳಿದೀತು.